ಬತ್ತಿದ ಎಮ್ಮೆಯ ಮೊಸರು

ಮಾರೇನಹಳ್ಳಿಯ ಮುನಿತಾಯಮ್ಮ ಬೆಳಗ್ಗೆ ತಲೆಯ ಮೇಲೆ ಮೊಸರಿನ ಗಡಿಗೆ ಇಟ್ಟುಕೊಂಡು ರಾಜಾಜಿನಗರದ ಕಡೆ ಹೊರಟರೆ ಊರಿನಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅಲ್ಲಿ ಹೊಸ ಬಡಾವಣೆಯ ಮನೆಗಳು ಸಾಲಾಗಿ ಏಳುತ್ತಿದ್ದವು. ಸುತ್ತಲಿನ ಹಳ್ಳಿಗಳ ಹೆಂಗಸರು ಹಾಲು, ಮೊಸರು, ಸೊಪ್ಪು ಹೊತ್ತು ಹೋಗಿ ಮಾರಿ ಬರುವುದು ವಾಡಿಕೆಯೇ ಆಗಿಹೋಗಿತ್ತು. ಗೌಡರ ಮನೆಯ ಸೊಸೆ ಮೊಸರು ಮಾರುವುದರಲ್ಲಿ ಅವಮಾನವೇನಿಲ್ಲ. ಎಮ್ಮೆ ಮನೆಯದು, ಹಾಲು ಮನೆಯದು. ಆದರೆ ಮುನಿತಾಯಮ್ಮನ ಗಡಿಗೆಯಲ್ಲಿ ಮೊಸರು ಇರಲಿಲ್ಲ. ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ಆ ಗಡಿಗೆಯೊಳಗೆ ಮಧ್ಯಾಹ್ನಕ್ಕೊಂದು ರಾಗಿಮುದ್ದೆ, ಒಂದು ಹಳೇ ರವಿಕೆ, ಭುಜದ ಮೇಲೆ ಹಾಕಿಕೊಳ್ಳಲು ಮಡಿಸಿ ಹೊಲಿದ ಗೋಣಿಯ ತುಂಡು ಇರುತ್ತಿದ್ದವು. ಅವಳು ಹೋಗುತ್ತಿದ್ದುದು ಉಪ್ಪಿನಕಾಯಿ ಜಾಡಿ ಮಾಡುವ ಕಾರ್ಖಾನೆಗೆ, ಕೂಲಿಗೆ.

ಅವಳ ಗಂಡ ನಂಜುಂಡಪ್ಪನಿಗೆ ಒಂದು ಕಾಲಕ್ಕೆ ಒಳ್ಳೆಯ ರಾಗಿ ಹೊಲವಿತ್ತು, ಬಾವಿಯಿತ್ತು, ಬಾವಿಯ ಮಗ್ಗುಲಲ್ಲಿ ತರಕಾರಿ ಮಡಿಗಳಿದ್ದವು. ಬಡಾವಣೆಗೆಂದು ಸರ್ಕಾರ ಹೊಲವನ್ನು ತೆಗೆದುಕೊಂಡಿತು. ಬಂದ ಹಣದಲ್ಲಿ ಅರ್ಧ ಅಣ್ಣತಮ್ಮಂದಿರ ವ್ಯಾಜ್ಯಕ್ಕೆ ಹೋಯಿತು, ಉಳಿದರ್ಧ ಮಗಳ ಮದುವೆಗೆ. ಮಗಳನ್ನು ಮಲ್ಲತ್ತಹಳ್ಳಿಯ ಅನುಕೂಲಸ್ಥರ ಮನೆಗೆ ಕೊಟ್ಟಿದ್ದರು. ಆ ಬೀಗರ ಮುಂದೆ ತಗ್ಗಬಾರದೆಂದು ಊರಿಗೆ ಊರೇ ಉಣ್ಣುವಂತೆ ಮದುವೆ ಮಾಡಿದ್ದರು. ಆಮೇಲೆ ಉಳಿದದ್ದು ಮನೆ, ಜಗುಲಿ, ಒಂದು ಎಮ್ಮೆ. ನಂಜುಂಡಪ್ಪ ಇನ್ನೊಬ್ಬರ ಹೊಲದಲ್ಲಿ ಗುದ್ದಲಿ ಹಿಡಿದವನಲ್ಲ, ಹಿಡಿಯಲು ಮನಸ್ಸೂ ಬರಲಿಲ್ಲ. ಬೆಳಗಾದರೆ ಒಗೆದ ಪಂಚೆ ಉಟ್ಟು ಜಗುಲಿಯ ಮೇಲೆ ಕೂತು ಹೋಗಿಬರುವವರನ್ನು ಮಾತಾಡಿಸುತ್ತಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನೆರೆಯವರು ಹಿಂದಿನಿಂದ ಆಡಿಕೊಂಡರೂ ಮುಂದೆ ಗೌಡರೇ ಎಂದೇ ಕರೆಯುತ್ತಿದ್ದರು.

ಮೊದಮೊದಲು ಮುನಿತಾಯಮ್ಮ ನಿಜವಾಗಿಯೂ ಮೊಸರು ಮಾರುತ್ತಿದ್ದಳು. ಐವತ್ತನಾಲ್ಕನೆಯ ಇಸವಿಯಲ್ಲಿ ಎಮ್ಮೆ ಬತ್ತಿತು. ಮತ್ತೆ ಗಬ್ಬವೂ ನಿಲ್ಲಲಿಲ್ಲ. ಮೊಸರು ಹಾಕುತ್ತಿದ್ದ ಮನೆಯವರೊಬ್ಬರು ಹೇಳಿದ್ದರಿಂದ ಅವಳು ಜಾಡಿ ಕಾರ್ಖಾನೆಯ ಬಾಗಿಲಿಗೆ ಹೋಗಿ ನಿಂತಳು. ಮೇಸ್ತ್ರಿ ಚನ್ನವೀರಪ್ಪ ದಾವಣಗೆರೆ ಕಡೆಯಿಂದ ಬಂದವನು, ಹಣೆಗೆ ವಿಭೂತಿ, ಮಾತು ಕಡಿಮೆ. ಭಾರ ಹೊರುತ್ತೀರಾ ಎಂದು ಒಂದೇ ಮಾತು ಕೇಳಿ ಸೇರಿಸಿಕೊಂಡ. ದಿನಗೂಲಿಯ ಹೆಂಗಸರ ಹೆಸರನ್ನು ಅಲ್ಲಿ ಯಾರೂ ಬರೆದಿಡುತ್ತಿರಲಿಲ್ಲ. ಮೇಸ್ತ್ರಿ ತಲೆ ಎಣಿಸಿ ಹೇಳಿದಷ್ಟು ಕೂಲಿ. ಉದ್ದನೆಯ ಹಲಗೆಯ ಮೇಲೆ ಹಸಿ ಜಾಡಿಗಳನ್ನು ಸಾಲಾಗಿ ನಿಲ್ಲಿಸಿ, ಹಲಗೆಯನ್ನು ಬಲಭುಜದ ಮೇಲೆ ಹೊತ್ತು, ಇಳಿಜಾರು ದಾಟಿ ಒಣಗಿಸುವ ಕೊಟ್ಟಿಗೆಗೆ ಸೇರಿಸುವುದು ಅವಳ ಕೆಲಸ. ಸಂಜೆ ಕೊಳಾಯಿಯಲ್ಲಿ ಕೈಕಾಲು ತೊಳೆದು, ರವಿಕೆ ಬದಲಿಸಿ, ಖಾಲಿ ಗಡಿಗೆ ಹೊತ್ತು ಮನೆಗೆ ಬರುತ್ತಿದ್ದಳು. ಮೊಸರೆಲ್ಲಾ ಖರ್ಚಾಯಿತು ಎಂಬ ಮುಖ ಮಾಡುತ್ತಿದ್ದಳು. ನಂಜುಂಡಪ್ಪ ಏನೂ ಕೇಳುತ್ತಿರಲಿಲ್ಲ. ಕೇಳದೇ ಇರುವುದು ಅವನ ಗತ್ತು ಎಂದುಕೊಂಡಿದ್ದಳು.

ಒಂದು ಮಧ್ಯಾಹ್ನ ಇಳಿಜಾರಿನಲ್ಲಿ ಜೇಡಿಮಣ್ಣಿನ ರಾಡಿ ಚೆಲ್ಲಿತ್ತು. ಅದರ ಮೇಲೆ ಯಾರೂ ಒಣಮಣ್ಣು ಹಾಕಿರಲಿಲ್ಲ. ಹಲಗೆ ಹೊತ್ತ ಮುನಿತಾಯಮ್ಮನ ಕಾಲು ಜಾರಿತು. ಹಲಗೆ ಬಿಟ್ಟುಬಿಟ್ಟಿದ್ದರೆ ಅವಳಿಗೇನೂ ಆಗುತ್ತಿರಲಿಲ್ಲವೋ ಏನೋ. ಜಾಡಿ ಒಡೆದಾವೆಂದು ಬಿಗಿಯಾಗಿ ಹಿಡಿದಳು. ಅವಳು ಒಂದು ಕಡೆ ಬಿದ್ದಳು, ಹಲಗೆ ಅವಳ ತೋಳನ್ನು ಇನ್ನೊಂದು ಕಡೆಗೆ ತಿರುಚಿಕೊಂಡು ಬಿತ್ತು. ಒಳಗೆಲ್ಲೋ ಹಸಿ ಕಟ್ಟಿಗೆ ಮುರಿದಂಥ ಸದ್ದಾಯಿತು. ಜಾಡಿಗಳೆಲ್ಲಾ ಮುದ್ದೆಮುದ್ದೆಯಾಗಿ ನೆಲಕ್ಕೆ ಅಂಟಿಕೊಂಡವು.

ನೋವಿಗಿಂತ ಮೊದಲು ಅವಳಿಗೆ ಬಂದದ್ದು ನಾಚಿಕೆ. ಸೆರಗು ಸರಿದಿತ್ತು, ಸೀರೆ ಮೊಣಕಾಲಿನವರೆಗೆ ರಾಡಿಯಾಗಿತ್ತು, ಗಂಡಸರೆಲ್ಲಾ ಕೆಲಸ ಬಿಟ್ಟು ನೋಡುತ್ತಿದ್ದರು. ಎಡಗೈಯಲ್ಲೇ ಸೆರಗು ಎಳೆದುಕೊಂಡು, ಎಡಗೈಯಲ್ಲೇ ಕೆಟ್ಟ ಜಾಡಿಗಳನ್ನು ಬಳಿಯತೊಡಗಿದಳು. ಚನ್ನವೀರಪ್ಪ ಓಡಿ ಬಂದು ಕೂರಿಸಿದ. ಆಫೀಸಿಗೆ ತಿಳಿಸಬೇಕು, ಡಾಕ್ಟರ ಹತ್ತಿರ ಹೋಗಬೇಕು, ನಡೆಯಿರಿ ಎಂದ. ಆಫೀಸು ಎಂದರೆ ಯಾವ ಊರು, ಯಾರ ಹೆಂಡತಿ ಎಂದು ಕೇಳುತ್ತಾರೆ. ಮುನಿತಾಯಮ್ಮ ಏನೂ ಆಗಿಲ್ಲವೆಂದು ತಲೆಯಾಡಿಸಿದಳು. ಮೇಸ್ತ್ರಿ ಮ್ಯಾನೇಜರನ್ನು ಕರೆತರಲು ಹೋದಾಗ ಗಡಿಗೆಯನ್ನು ಎಡಗಂಕುಳಲ್ಲಿ ಇಟ್ಟುಕೊಂಡು ಹಿಂದಿನ ಬಾಗಿಲಿನಿಂದ ಹೊರಟುಬಿಟ್ಟಳು.

ಮನೆಯಲ್ಲಿ, ಬಡಾವಣೆಯ ಮೋರಿಗೆ ತೋಡಿದ ಗುಂಡಿಯಲ್ಲಿ ಬಿದ್ದೆ ಎಂದಳು. ನಂಜುಂಡಪ್ಪ ನಾಟಿ ವೈದ್ಯ ದೊಡ್ಡಹನುಮಯ್ಯನನ್ನು ಕರೆತಂದ. ದೊಡ್ಡಹನುಮಯ್ಯ ಬಾತಿದ್ದ ಭುಜವನ್ನು ಒತ್ತಿ ನೋಡಿ, ಉಳುಕಿದೆ, ಮುರಿದಿಲ್ಲ ಎಂದ. ಸೊಪ್ಪು ಅರೆದು, ಕೋಳಿಮೊಟ್ಟೆ ಕಲಸಿ ಬಳಿದು, ಬಿದಿರ ದಬ್ಬೆ ಇಟ್ಟು ಕಟ್ಟಿದ. ಕೆಲವು ದಿನ ಬಿಟ್ಟು ಕಟ್ಟು ಬಿಚ್ಚಿ ಎಣ್ಣೆ ನೀವಿ ಮತ್ತೆ ಕಟ್ಟಬೇಕೆಂದು ಹೇಳಿ ಹೋದ.

ಎಣ್ಣೆ ನೀವಿದವನು ನಂಜುಂಡಪ್ಪ. ಮನೆಯಲ್ಲಿ ಬೇರೆ ಯಾರಿದ್ದರು? ಬಾಗಿಲು ಮುಂದಕ್ಕೆ ಹಾಕಿ, ಹರಳೆಣ್ಣೆ ಬಿಸಿ ಮಾಡಿ, ಅವಳ ಬೆನ್ನ ಹಿಂದೆ ಕೂತ. ಅವನ ಹೆಬ್ಬೆರಳು ಕತ್ತಿನ ಬುಡದಿಂದ ಭುಜದ ಕಡೆಗೆ ಜಾರುತ್ತಾ ಬಂದು ಒಂದು ಕಡೆ ನಿಂತಿತು. ಅಲ್ಲಿ ಚರ್ಮ ಜಡ್ಡುಗಟ್ಟಿತ್ತು, ನೊಗ ಹೊತ್ತ ಎತ್ತಿನ ಹೆಗಲಿನ ಹಾಗೆ. ಮೊಸರಿನ ಗಡಿಗೆಯನ್ನು ಯಾರೂ ಭುಜದ ಮೇಲೆ ಹೊರುವುದಿಲ್ಲ. ಮುನಿತಾಯಮ್ಮ ಅವನು ಏನಾದರೂ ಕೇಳುತ್ತಾನೆಂದು ಕಾದಳು. ಅವನು ಇನ್ನಷ್ಟು ಎಣ್ಣೆ ಸುರಿದುಕೊಂಡು ನೀವುತ್ತಾ ಹೋದ. ಸುಡುತ್ತದೆಯೇ ಎಂದು ಮಾತ್ರ ಕೇಳಿದ. ಇಲ್ಲ ಎಂದಳು.

ಆ ವಾರವೇ ಮಲ್ಲತ್ತಹಳ್ಳಿಯ ಬೀಗರು ನೋಡಿಕೊಂಡು ಹೋಗಲು ಬಂದರು. ಬೀಗಿತ್ತಿ ಹಣ್ಣು, ಎಲೆ ಅಡಿಕೆ ತಂದಿದ್ದಳು. ಮೊಸರು ಮಾರುವ ಕಷ್ಟ ನಿಮಗೇಕೆ, ಮನೆಯಲ್ಲಿ ಕೂತಿರಬಾರದೇ ಎಂದು ನಗುತ್ತಲೇ ಚುಚ್ಚಿದಳು. ಎಲ್ಲರೂ ಜಗುಲಿಯ ಮೇಲೆ ಕೂತಿದ್ದಾಗ ಬೀದಿಯ ಕೊನೆಯಲ್ಲಿ ಇಬ್ಬರು ಗಂಡಸರು ಸೈಕಲ್ ತಳ್ಳಿಕೊಂಡು ಬರುವುದು ಕಾಣಿಸಿತು. ಮುಂದಿದ್ದವನು ಚನ್ನವೀರಪ್ಪ. ಹಿಂದೆ ಕಾರ್ಖಾನೆಯ ಗುಮಾಸ್ತ ನಾಣಿ. ಬಿದ್ದವಳು ಯಾರು, ನಿಜವಾಗಿ ಪೆಟ್ಟಾಗಿದೆಯೋ ಎಂದು ನೋಡಿ ಬರಲು ಮ್ಯಾನೇಜರ್ ಅವನನ್ನು ಮೇಸ್ತ್ರಿಯ ಜೊತೆಗೆ ಕಳಿಸಿದ್ದ.

ಚನ್ನವೀರಪ್ಪ ಜಗುಲಿಯ ಕೆಳಗೆ ನಿಂತು ಕೈಮುಗಿದ. ಅವನ ಮುಖದಲ್ಲಿ ಮನೆ ಸಿಕ್ಕಿತಲ್ಲಾ ಎಂಬ ಸಮಾಧಾನವಿತ್ತು.

"ಹೆಂಗೈತಿ ತಾಯಿ ಭುಜ? ಊರು ಊರು ಕೇಳ್ಕೊಂಡು ಬಂದ್ವಿ."

ಬೀಗಿತ್ತಿಯ ಕಣ್ಣು ಮೇಸ್ತ್ರಿಯ ಜೇಡಿ ಮೆತ್ತಿದ ಕಾಲಿನಿಂದ ಮುನಿತಾಯಮ್ಮನ ಮುಖಕ್ಕೆ ಬಂತು. ನಂಜುಂಡಪ್ಪ ಬೀದಿಯ ಕಡೆ ನೋಡುತ್ತಿದ್ದ. ಮುನಿತಾಯಮ್ಮನ ಬಾಯಿ ತಾನಾಗಿಯೇ ಮಾತಾಡಿತು.

"ಯಾರಪ್ಪಾ ನೀವು? ನಂಗೆ ನಿಮ್ಮ ಗುರ್ತೇ ಇಲ್ಲ. ಬೇರೆ ಯಾರ್ದೋ ಮನೆ ಹುಡುಕ್ಕೊಂಡು ಬಂದಿದೀರ."

ಚನ್ನವೀರಪ್ಪ ಕಟ್ಟು ಕಟ್ಟಿದ ಅವಳ ಭುಜವನ್ನು ನೋಡಿದ, ಬೀಗರನ್ನು ನೋಡಿದ. ಅವನಿಗೆ ಅರ್ಥವಾಯಿತೆಂದು ಅವಳಿಗೂ ಗೊತ್ತಾಯಿತು. ತಪ್ಪಾಯಿತು ತಾಯಿ ಎಂದು ಮತ್ತೊಮ್ಮೆ ಕೈಮುಗಿದು ಸೈಕಲ್ ತಿರುಗಿಸಿಕೊಂಡ. ಉರಿಬಿಸಿಲಿನಲ್ಲಿ ಅಷ್ಟು ದೂರ ಬಂದವನಿಗೆ ಒಂದು ಲೋಟ ನೀರೂ ಕೊಡದೆ ಕಳಿಸಿದ್ದಳು. ಬೀಗಿತ್ತಿ ಎಲೆಗೆ ಸುಣ್ಣ ಹಚ್ಚುತ್ತಾ, ಯಾರೋ ಕುಂಬಾರರ ಪೈಕಿ ಇರಬೇಕು ಎಂದಳು. ಹೌದೇನೋ ಎಂದಳು ಮುನಿತಾಯಮ್ಮ.

ಕಟ್ಟು ಬಿಚ್ಚಿ ಎಷ್ಟು ನೀವಿದರೂ ಕೈ ಮೇಲೇಳಲಿಲ್ಲ. ಭುಜದ ತುದಿ ಚಪ್ಪಟೆಯಾಗಿ, ಮುಂದೆ ಒಂದು ಗಂಟು ಎದ್ದು ನಿಂತಿತ್ತು. ಒಲೆಯ ಮೇಲಿನ ಪಾತ್ರೆ ಇಳಿಸಲಾಗದು, ಮುದ್ದೆ ತೊಳಸಲಾಗದು, ತಲೆ ಬಾಚಲಾಗದು. ಕೊನೆಗೆ ನಂಜುಂಡಪ್ಪನೇ ಗಾಡಿ ಕಟ್ಟಿಸಿ ಮಾರ್ಕೆಟ್ಟಿನ ಹತ್ತಿರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಗಂಡಸು ಡಾಕ್ಟರ ಮುಂದೆ ರವಿಕೆ ಕಳಚಲು ಅವಳು ಒಪ್ಪಲಿಲ್ಲ. ವಿಮಲಮ್ಮ ಎಂಬ ನರ್ಸು ಎಲ್ಲರನ್ನೂ ಆಚೆ ಕಳಿಸಿ, ಪರದೆ ಎಳೆದು, ತೋಳಿನ ಹೊಲಿಗೆಯನ್ನಷ್ಟೇ ಕತ್ತರಿಯಿಂದ ಬಿಡಿಸಿದಳು. ಎಕ್ಸ್‌ರೇ ತೆಗೆದರು. ಡಾಕ್ಟರು ಹೇಳಿದ್ದು ಇಷ್ಟು: ಭುಜದ ಕೀಲು ತಪ್ಪಿದೆ, ತಪ್ಪಿ ಬಹಳ ದಿನವಾಗಿದೆ. ಬಿದ್ದ ದಿನವೇ ಬಂದಿದ್ದರೆ ಆ ಹೊತ್ತಿಗೇ ಕೂರಿಸಿ ಕಳಿಸಬಹುದಿತ್ತು. ಈಗ ಮದ್ದು ಮೂಸಿಸಿ, ಪ್ರಜ್ಞೆ ತಪ್ಪಿಸಿ ಎಳೆದು ನೋಡಬೇಕು. ಕೂತರೂ ಕೈ ಮೊದಲಿನಂತೆ ಆಗುವುದಿಲ್ಲ.

ಎಳೆದು ಕೂರಿಸಿದರು. ಎಚ್ಚರವಾದಾಗ ತೋಳನ್ನು ಎದೆಗೆ ಬಿಗಿದು ಕಟ್ಟಿದ್ದರು, ವಿಮಲಮ್ಮ ಪಕ್ಕದಲ್ಲಿದ್ದಳು. ಹೇಗೆ ಬಿದ್ದಿರಿ ಎಂದು ಕೇಳಿದ್ದಕ್ಕೆ, ಮದ್ದಿನ ಮಂಪರೋ ಏನೋ, ಮುನಿತಾಯಮ್ಮ ಮೊದಲ ಸಲ ಇನ್ನೊಬ್ಬರ ಮುಂದೆ ಜಾಡಿ ಕಾರ್ಖಾನೆ ಎಂಬ ಮಾತು ಆಡಿದಳು. ವಿಮಲಮ್ಮ ಗಿರಣಿಯವರನ್ನು, ಕಾರ್ಖಾನೆಯವರನ್ನು ಎಷ್ಟೋ ಕಂಡವಳು. ಕೆಲಸ ಮಾಡುವಾಗ ಅಂಗ ಊನವಾದರೆ ಯಜಮಾನರು ಪರಿಹಾರ ಕೊಡಬೇಕೆಂದು ಕಾನೂನಿದೆ, ದಿನಗೂಲಿಯವರಿಗೂ ಇದೆ ಎಂದಳು. ಆದರೆ ಬಿದ್ದದ್ದನ್ನು ಕೂಡಲೇ ತಿಳಿಸಿರಬೇಕು, ಕಂಡವರು ಸಾಕ್ಷಿ ಹೇಳಬೇಕು. ತಿಳಿಸಿದ್ದೀರಾ, ಸಾಕ್ಷಿ ಯಾರಿದ್ದಾರೆ?

ಮುನಿತಾಯಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಸಾಕ್ಷಿ ಹೇಳಬಲ್ಲವನನ್ನು ಅವಳು ಯಾರಪ್ಪಾ ನೀವು ಎಂದು ಕೇಳಿ ಕಳಿಸಿದ್ದಳು.

ಆದರೂ ಹೋಗದೆ ವಿಧಿಯಿರಲಿಲ್ಲ. ಚನ್ನವೀರಪ್ಪನ ಮನೆ ಕಾರ್ಖಾನೆಯ ಹಿಂದಿನ ಓಣಿಯಲ್ಲಿತ್ತು. ಭಾನುವಾರ ಒಬ್ಬಳೇ ನಡೆದು ಹೋದಳು, ಬಾಗಿಲವರೆಗೆ ಹೋಗಿ ತಿರುಗಿದಳು, ಮತ್ತೆ ಹೋದಳು. ಅವನ ಹೆಂಡತಿ ಗಿರಿಜಾದೇವಿ ಬಾಗಿಲು ತೆಗೆದಳು. ಹೆಸರು ಕೇಳಿದ ಕೂಡಲೇ ಅವಳ ಮುಖ ಸ್ವಲ್ಪ ಬಿಗಿಯಿತು. ವಿಷಯ ಅವಳಿಗೆ ಗೊತ್ತಿತ್ತು. ಆದರೂ ಚಾಪೆ ಹಾಕಿ, ಮಜ್ಜಿಗೆ ತಂದಿಟ್ಟಳು. ಮುನಿತಾಯಮ್ಮ ಲೋಟವನ್ನು ಕೈಯಲ್ಲೇ ಹಿಡಿದು ಕೂತಳು.

ಚನ್ನವೀರಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಇದ್ದದ್ದನ್ನು ಇದ್ದಂತೆ ಹೇಳಿದ.

"ಬಿದ್ದ ದಿನಾನೇ ನಾನು ಮ್ಯಾನೇಜರಿಗೆ ಹೇಳೀನಿ ತಾಯಿ. ನನ್ನ ಮಾತು ನಂಬದೆ ನಾಣೀನ ಕಳಿಸಿದ್ರು. ಅವ ಹೋಗಿ, ಆಯಮ್ಮ ನಮ್ಮ ಕಾರ್ಖಾನಿಯವಳೇ ಅಲ್ಲ, ಆಕೀನೇ ಬಾಯಿಬಿಟ್ಟು ಅಂದ್ಳು, ಅಂದ. ಈಗ ಅವರ ಕೈಯಾಗ ಇರೋದು ನಿಮ್ಮ ಮಾತೇ."

ಅವಳು ತಲೆ ಎತ್ತಲಿಲ್ಲ. ಅವನೇ ಮುಂದುವರಿದು, ಕಂಡದ್ದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ, ನಾಳೆ ಲೇಬರ್ ಆಫೀಸಿಗೆ ಹೋಗಿ ಅರ್ಜಿ ಬರೆಸೋಣ ಎಂದ. ಗಿರಿಜಾದೇವಿ ಅಡಿಗೆ ಮನೆಯಿಂದಲೇ, ನಿಮ್ಮ ಕೆಲಸಕ್ಕೆ ಕುತ್ತು ಬಂದರೆ ಎಂದಳು. ಬಂದರೆ ಬರಲಿ ಎಂದ ಅವನು. ಆ ಮಾತು ಕೇಳಿ ಮುನಿತಾಯಮ್ಮನಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

ಅರ್ಜಿ ಹೋಯಿತು. ಕಾರ್ಖಾನೆಯವರು ತಮ್ಮ ಕಡೆಯ ಡಾಕ್ಟರಿಂದಲೂ ಭುಜ ನೋಡಿಸಿದರು. ಕೈ ಎತ್ತಮ್ಮ ಎಂದರೆ ಅದು ಎದೆಯ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಕೊನೆಗೆ ವಿಚಾರಣೆಯ ದಿನ ಗೊತ್ತಾಯಿತು. ಒಂದು ಆಫೀಸಿಗೆ ಹೋಗಬೇಕಾಗಿದೆ ಎಂದು ಮುನಿತಾಯಮ್ಮ ಗಂಡನಿಗೆ ಹೇಳಿದಳು. ಯಾವ ಆಫೀಸು, ಯಾತಕ್ಕೆ ಎಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ನಡಿ, ನಾನೂ ಬರ್ತೀನಿ ಎಂದು ರುಮಾಲು ಸುತ್ತಿಕೊಂಡ.

ಆಫೀಸೆಂದರೆ ಎತ್ತರದ ಮಾಡಿನ ಒಂದು ಕೋಣೆ. ಮೇಜಿನ ಹಿಂದೆ ಕನ್ನಡಕದ ಅಧಿಕಾರಿ, ಈ ಕಡೆ ಕಾರ್ಖಾನೆಯ ವಕೀಲ ಮತ್ತು ಮ್ಯಾನೇಜರ್, ಆ ಕಡೆ ಬೆಂಚು. ಬೆಂಚಿನ ಒಂದು ತುದಿಯಲ್ಲಿ ನಂಜುಂಡಪ್ಪ ಗೌಡಿಕೆಯ ಠೀವಿಯಲ್ಲೇ ಕೂತಿದ್ದ. ಚನ್ನವೀರಪ್ಪ ತಾನು ಕಂಡದ್ದನ್ನು ಹೇಳಿದ: ರಾಡಿ ಚೆಲ್ಲಿದ್ದು, ಮಣ್ಣು ಹಾಕದೇ ಇದ್ದದ್ದು, ಇವಳು ಬಿದ್ದದ್ದು. ಆಮೇಲೆ ನಾಣಿ ಎದ್ದ. ಅವನು ಸುಳ್ಳು ಹೇಳಲಿಲ್ಲ. ಮಾರೇನಹಳ್ಳಿಗೆ ಹೋಗಿದ್ದು ನಿಜ, ಈ ಹೆಂಗಸೇ ಜಗುಲಿಯ ಮೇಲೆ ಕೂತಿದ್ದುದು ನಿಜ, ಮೇಸ್ತ್ರಿಯ ಗುರುತೇ ಇಲ್ಲವೆಂದು ನಾಲ್ಕು ಜನರ ಮುಂದೆ ಹೇಳಿದ್ದು ನಿಜ ಎಂದ. ಗುಂಡಿಯಲ್ಲಿ ಬಿದ್ದೆನೆಂದು ಊರೆಲ್ಲಾ ಹೇಳಿಕೊಂಡಿದ್ದಾಳೆ, ಈಗ ಯಾರೋ ಹೇಳಿಕೊಟ್ಟು ಕರೆತಂದಿದ್ದಾರೆ ಎಂದು ವಕೀಲ ಸೇರಿಸಿದ.

ಅಧಿಕಾರಿ ಅವಳ ಕಡೆ ತಿರುಗಿದರು. "ಹಾಗೆ ಹೇಳಿದ್ದು ನಿಜವೇನಮ್ಮ?"

"ನಿಜ ಸ್ವಾಮಿ."

"ಯಾಕೆ ಹೇಳಿದಿರಿ?"

ಅದಕ್ಕೆ ಉತ್ತರ ಅವಳಲ್ಲಿತ್ತು. ಆದರೆ ಆ ಉತ್ತರ ಬೆಂಚಿನ ತುದಿಯಲ್ಲಿ ರುಮಾಲು ಸುತ್ತಿಕೊಂಡು ಕೂತಿತ್ತು. ಗಂಡ ಕೂತುಣ್ಣುತ್ತಿದ್ದ, ನಾನು ಕದ್ದು ಕೂಲಿಗೆ ಹೋಗುತ್ತಿದ್ದೆ ಎಂದು ಇಷ್ಟು ಗಂಡಸರ ನಡುವೆ ಹೇಗೆ ಹೇಳುವುದು? ಕೈ ಹೋದರೆ ಹೋಗಲಿ, ಎದ್ದು ಹೋಗಿಬಿಡೋಣ ಎನಿಸಿತು. ವಕೀಲ ಕಾಗದ ಮಡಿಸತೊಡಗಿದ. ಆಗ ಬೆಂಚು ಕಿರ್ರೆಂದಿತು. ನಂಜುಂಡಪ್ಪ ಎದ್ದು ನಿಂತಿದ್ದ.

"ಅವ್ಳು ಹೇಳಕ್ಕಿಲ್ಲ ಸ್ವಾಮಿ, ನಾನು ಹೇಳ್ತೀನಿ. ನಾನು ಇವಳ ಗಂಡ. ಅವತ್ತು ಅಲ್ಲೇ ಕೂತಿದ್ದೆ, ನಮ್ಮ ಬೀಗರೂ ಇದ್ರು. ನನ್ನ ಮರ್ಯಾದೆ ಉಳ್ಸಕ್ಕೆ ಅಂಗಂದ್ಳು."

ಮೊದಲು ನಿಮಗೆ ವಿಷಯ ಗೊತ್ತಿತ್ತೇ ಎಂದು ಅಧಿಕಾರಿ ಕೇಳಿದರು. ನಂಜುಂಡಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಎಮ್ಮೆ ಬತ್ತಿ ವರ್ಷ ಆಗಿತ್ತು ಸ್ವಾಮಿ. ಮೇವು ಹಾಕ್ತಿದ್ದೋನು ನಾನೇ. ಗಡಿಗೇಲಿ ಮೊಸ್ರು ಎಲ್ಲಿಂದ ಬರ್ತದೆ? ದಿನಾ ಸಂಜೆ ಅವಳ ಕೂದಲಲ್ಲಿ ಬಿಳೀ ಜೇಡಿ ಇರ್ತಿತ್ತು. ಕೇಳಿದ್ರೆ ನಾನೂ ದುಡಿಯಕ್ಕೆ ಹೋಗ್ಬೇಕಾಯ್ತದೆ ಅಂತ ಕೇಳ್ಲಿಲ್ಲ."

ಮುನಿತಾಯಮ್ಮನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅವಳು ಅಷ್ಟು ಜತನದಿಂದ ಮುಚ್ಚಿಟ್ಟಿದ್ದನ್ನು ಅವನು ದಿನವೂ ನೋಡುತ್ತಿದ್ದ. ಅವಳ ನಾಟಕಕ್ಕೆ ಅವನೂ ನಾಟಕ ಆಡಿದ್ದ. ಅವನ ಬರಿದಾದ ತಲೆಯನ್ನು ನೋಡಲಾರದೆ ಅವಳು ಕಿಟಕಿಯ ಕಡೆ ನೋಡಿದಳು. ಅಧಿಕಾರಿ ಬರೆದುಕೊಂಡರು. ಇಳಿಜಾರಿಗೆ ಮಣ್ಣು ಹಾಕಿಸುವುದು ಯಾರ ಕೆಲಸವಾಗಿತ್ತು ಎಂದು ಮ್ಯಾನೇಜರನ್ನು ಕೇಳಿದರು. ಅವನು ವಕೀಲನ ಮುಖ ನೋಡಿದ.

ತೀರ್ಪು ಮುನಿತಾಯಮ್ಮನ ಕಡೆಗಾಯಿತು. ಕೈಯ ಊನಕ್ಕೆ ತಕ್ಕಷ್ಟು ಪರಿಹಾರವನ್ನು ಕಾರ್ಖಾನೆಯವರು ಆಫೀಸಿನಲ್ಲಿ ಕಟ್ಟಿದರು. ದೊಡ್ಡ ಗಂಟಲ್ಲ, ಆಸ್ಪತ್ರೆಗೆ ಮಾಡಿದ ಸಾಲ ತೀರಿ, ಮನೆಯ ಮಾಡು ರಿಪೇರಿಯಾಗುವಷ್ಟು. ಚನ್ನವೀರಪ್ಪನ ಕೆಲಸಕ್ಕೆ ಕುತ್ತು ಬರಲಿಲ್ಲ. ಜೇಡಿಯ ಹದ ಬಲ್ಲವನು ಅವನೊಬ್ಬನೇ ಆದ್ದರಿಂದ ಮ್ಯಾನೇಜರ್ ಕೆಲವು ಕಾಲ ಮುಖ ಗಂಟಿಕ್ಕಿಕೊಂಡು ಸುಮ್ಮನಾದ.

ವಿಷಯ ಮಲ್ಲತ್ತಹಳ್ಳಿಗೆ ಮುಟ್ಟಲು ತಡವಾಗಲಿಲ್ಲ. ಬೀಗರು ಬಹಳ ಕಾಲ ಈ ಕಡೆ ಬರಲಿಲ್ಲ, ಹಬ್ಬಕ್ಕೆ ಮಗಳನ್ನೂ ಕಳಿಸಲಿಲ್ಲ. ನಂಜುಂಡಪ್ಪ ರಾಜಾಜಿನಗರದ ಒಂದು ಮರದ ಡಿಪೋದಲ್ಲಿ ಕಾವಲಿಗೆ ಸೇರಿದ. ಡಿಪೋ ಇದ್ದದ್ದು ಅವನ ಹಳೆಯ ಹೊಲದಿಂದ ಕೂಗಳತೆಯಲ್ಲಿ. ಮೊದಲ ದಿನ ಹೋಗುವಾಗ ಊರ ಬೀದಿ ಬಿಟ್ಟು ಹಿತ್ತಿಲ ದಾರಿ ಹಿಡಿದ. ಮುನಿತಾಯಮ್ಮ ಅದನ್ನು ಕಂಡೂ ಏನೂ ಅನ್ನಲಿಲ್ಲ. ವಿಮಲಮ್ಮ ಹೇಳಿಕೊಟ್ಟಿದ್ದಂತೆ ಅವಳು ದಿನವೂ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆಯ ಹಾಗೆ ಮೇಲೆ ಹತ್ತಿಸುತ್ತಿದ್ದಳು. ಬೆರಳು ಗಲ್ಲದ ಮಟ್ಟ ದಾಟಿತು, ಕಿವಿಯ ಮಟ್ಟ ಮುಟ್ಟಲೇ ಇಲ್ಲ. ತುರುಬು ಕಟ್ಟಲಾಗದ್ದರಿಂದ ನಂಜುಂಡಪ್ಪನೇ ಕೆಲಸಕ್ಕೆ ಹೋಗುವ ಮುಂಚೆ ಅವಳ ತಲೆ ಬಾಚಿ ಒರಟೊರಟಾಗಿ ಗಂಟು ಹಾಕುತ್ತಿದ್ದ. ಆಗಲೂ ಇಬ್ಬರೂ ಆ ಆಫೀಸಿನ ಮಾತೆತ್ತುತ್ತಿರಲಿಲ್ಲ.

ಅವರೆಕಾಯಿಯ ಕಾಲ ಬಂದಾಗ ಮುನಿತಾಯಮ್ಮ ಸೊಗಡಿನ ಕಾಯಿ ಆರಿಸಿ, ಎಡಗೈಯಲ್ಲಿ ಚೀಲ ಹಿಡಿದು ಚನ್ನವೀರಪ್ಪನ ಮನೆಗೆ ಹೋದಳು. ಗಂಡನಿಂದ ಆದ ನಾಚಿಕೆ, ಬೀಗರಿಂದ ಆದ ನಾಚಿಕೆ, ಎಲ್ಲಾ ನಿಧಾನವಾಗಿ ಸವೆಯುತ್ತಿದ್ದವು. ಈ ಮನುಷ್ಯನನ್ನು ಬಿಸಿಲಿನಲ್ಲಿ ನಿಲ್ಲಿಸಿ ಗುರುತಿಲ್ಲ ಎಂದದ್ದು ಮಾತ್ರ ಸವೆದಿರಲಿಲ್ಲ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದಳು. ಅವನು ಮನೆಯಲ್ಲೇ ಇದ್ದ. ಅವತ್ತು ನಾನು ನಿಮ್ಮನ್ನ ಎಂದು ಶುರುಮಾಡಿದಳು. ಮುಂದಿನ ಮಾತಿಗೆ ಬದಲು ಚೀಲವನ್ನು ಮುಂದೆ ಚಾಚಿದಳು.

ಚನ್ನವೀರಪ್ಪ ಕಾಯಿಯ ಚೀಲ ಇಸಿದುಕೊಂಡು ಹೆಂಡತಿಗೆ ಕೊಟ್ಟ. "ಕುಂದರ್ರಿ ತಾಯಿ," ಎಂದ. "ಕೈ ಹೆಂಗೈತಿ, ಹೇಳ್ರಿ."

ಅವತ್ತು ಜಗುಲಿಯ ಕೆಳಗೆ ನಿಂತು ಕೇಳಿದ್ದನ್ನೇ ಅವನು ಮತ್ತೆ ಕೇಳಿದ್ದ; ಮರೆತಿರಲಿಲ್ಲ ಎಂಬುದು ಅವಳಿಗೆ ತಿಳಿಯಿತು. ಅವಳು ಚಾಪೆಯ ಮೇಲೆ ಕೂತು, ಕೈ ಎಲ್ಲಿಯವರೆಗೆ ಏಳುತ್ತದೆಂದು ಎತ್ತಿ ತೋರಿಸಿದಳು.